ಗೋಡೆಯ ಪಕ್ಕದ ಒಂದು ಬೆರಳು ಜಾಗ

ಈ ಸಲ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಅಕ್ಕನ ಕಣ್ಣಿನ ಆಪರೇಶನ್ ಎಂದು ಉತ್ತಮಪಾಳಯಂಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ, ಕಂಬಂ ರಸ್ತೆಯ ಮರದ ಮಿಲ್ಲಿನಿಂದ ಆಗಷ್ಟೇ ಕೊಯ್ದ ಸಿಲ್ವರ್ ಓಕಿನ ವಾಸನೆ ಗಾಳಿಯ ಜೊತೆ ಬಂದು ಮುಖಕ್ಕೆ ಹೊಡೆಯಿತು. ಹುಳಿಯೇರಿದ ಗಂಜಿಯ ಹಾಗಿರುವ ವಾಸನೆ ಅದು. ಹನ್ನೆರಡು ವರ್ಷದಿಂದ ಆ ವಾಸನೆ ಬಂದ ಕಡೆ ಮೂಗು ಮುಚ್ಚಿಕೊಂಡು ಬೇಗಬೇಗ ನಡೆದುಬಿಡುತ್ತೇನೆ. ಗಂಡ ಕೇಳಿದರೆ ಅಲರ್ಜಿ ಎನ್ನುತ್ತೇನೆ. ಅಲರ್ಜಿಯೂ ಇಲ್ಲ, ಮಣ್ಣೂ ಇಲ್ಲ, ಬರೀ ನಾಚಿಕೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ಮಳೆ ಗಾಳಿಯ ಮಾತಾಡಿಕೊಂಡು ಕಾಲ ಕಳೆಯುವವಳೇ ನಾನು. ಆ ವರ್ಷ ನಾನು ಒಬ್ಬ ಒಳ್ಳೆಯ ಬಡಗಿಯ ಹೆಸರು ಕೆಡಿಸಿದೆ. ಅವನು ಬೇರೆ ಯಾರೂ ಅಲ್ಲ, ನನ್ನ ತಾಯಿಯ ಒಡಹುಟ್ಟಿದ ತಮ್ಮ. ತಪ್ಪು ನನ್ನದು, ಹೊತ್ತವನು ಅವನು. ಹೊರಿಸಿದವಳೂ ನಾನೇ.

ನಮ್ಮವರು ಹನುಮಂತನಪಟ್ಟಿಯವರು. ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಎತ್ತು ಹೊಡೆದುಕೊಂಡು ಬಂದು ಕಣಿವೆಯಲ್ಲಿ ನಿಂತ ಒಕ್ಕಲು ಮಕ್ಕಳು. ಮನೆಯೊಳಗೆ ನಮ್ಮ ಮಾತು, ಹೊಸಿಲು ದಾಟಿದರೆ ತಮಿಳು. ಓದಲು ಬರೆಯಲು ಕನ್ನಡ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ, ಅದೂ ಬಸ್ಸಿನ ಬೋರ್ಡು ಓದಲಾಗದೆ ಎರಡು ಸಲ ಬೇರೆ ಊರಿಗೆ ಹೋಗಿ ಬಂದ ಮೇಲೆ. ಈಗ ಅಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತೇನೆ. ಈಶ್ವರಿ ಮೇಡಂ ಕೆಲಸ ಅಂದರೆ ಕೆಲಸ ಎನ್ನುವವರಿದ್ದಾರೆ. ಹಾಗೆ ಅಂದಾಗಲೆಲ್ಲ ನನಗೆ ಬೊಮ್ಮಣ್ಣ ಮಾಮನ ಮುಖ ಕಾಣುತ್ತದೆ.

ಬೊಮ್ಮಣ್ಣ ಮಾಮ ನಮ್ಮ ಕುಲದಲ್ಲಿ ಉಳಿ ಹಿಡಿದ ಒಬ್ಬನೇ ಮನುಷ್ಯ. ಉಳಿದವರೆಲ್ಲ ಪನ್ನೀರ್ ದ್ರಾಕ್ಷಿಯ ಚಪ್ಪರದ ಕೆಳಗೆ ಬೆನ್ನು ಬಗ್ಗಿಸಿದವರು. ಇವನು ಮಾತ್ರ ಹದಿನೆಂಟಕ್ಕೇ ಉತ್ತಮಪಾಳಯಂನ ಒಬ್ಬ ಆಸಾರಿಯ ಹತ್ತಿರ ಹೋಗಿ ಬಡಗಿ ಕೆಲಸ ಕಲಿತ. ಊರಲ್ಲಿ ಕೆಣಕುತ್ತಿದ್ದರು: "ಏನಪ್ಪಾ ಬೊಮ್ಮಣ್ಣಾಸಾರಿ, ನೇಗಿಲು ಹಿಡಿಯೋ ಕುಲದೋನು ನೇಗಿಲು ಮಾಡೋಕೆ ಹೊರಟ್ಯಾ?" ಅವನು ನಗುತ್ತಿದ್ದ. ಇಪ್ಪತ್ತು ವರ್ಷ ಕೊಡೈಕಾನಲ್‌ನ ಲಾಡ್ಜು, ಬಂಗಲೆಗಳಲ್ಲಿ ಮರದ ನೆಲ, ಮೆಟ್ಟಿಲು, ಕಿಟಕಿ ಮಾಡಿದ. ಬೆಟ್ಟದ ಮೇಲೆ "ಕನ್ನಡಕಾರ ಆಸಾರಿ" ಎಂದರೆ ಸಾಕು, ಯಾರು ಬೇಕಾದರೂ ಅವನ ಮನೆ ತೋರಿಸುತ್ತಿದ್ದರು. ಹೊಲ ಮನೆಯನ್ನೆಲ್ಲ ಅಣ್ಣಂದಿರಿಗೆ ಬಿಟ್ಟುಕೊಟ್ಟವನಿಗೆ ಇದ್ದ ಆಸ್ತಿ ಆ ಹೆಸರು ಒಂದೇ.

ಆ ವರ್ಷ ನನಗೆ ಇಪ್ಪತ್ತಾರು. ಸಿವಿಲ್ ಡಿಪ್ಲೊಮಾ ಮುಗಿಸಿ, ಯಾರದೋ ಆಫೀಸಿನಲ್ಲಿ ನಕ್ಷೆ ತಿದ್ದಿ ಬೇಸತ್ತು, ಕೊಡೈಕಾನಲ್‌ನಲ್ಲಿ ಹೊಸ ಲಾಡ್ಜು ಕಟ್ಟಿಸುತ್ತಿದ್ದ ದಿಂಡುಗಲ್ಲಿನ ಒಬ್ಬ ಮುದಲಾಳಿಯ, ಅಂದರೆ ಧಣಿಯ, ಹತ್ತಿರ ಸೂಪರ್‌ವೈಸರ್ ಕೆಲಸಕ್ಕೆ ಸೇರಿದ್ದೆ. ಹೆಣ್ಣು ಮೇಸ್ತ್ರಿ ಎಂದು ಗಾರೆಯವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಕಾಲ. ಮುದಲಾಳಿ ನಗಲಿಲ್ಲ, ನೇರವಾಗಿ ಹೇಳಿದರು. "ಒಂದೇ ಒಂದು ತಪ್ಪಾದರೂ ಮುಂದಿನ ಬಸ್ಸಿಗೆ ನೀನು ಕೆಳಗೆ ಇಳೀಬೇಕಮ್ಮಾ." ನಾನು ತಲೆಯಾಡಿಸಿದೆ. ನನ್ನಿಂದ ತಪ್ಪಾಗುತ್ತದೆ ಎಂದು ಆಗ ನನಗೆ ಅನ್ನಿಸಿಯೇ ಇರಲಿಲ್ಲ.

ಮೇಲಿನ ಮಹಡಿಗೆ ಪೂರ್ತಿ ಮರದ ನೆಲ ಬೇಕೆಂದರು. ದೀಪಾವಳಿಗೆ ಕೋಣೆಗಳು ತುಂಬಬೇಕು. ಹಲಗೆ ಹಾಸಲು ನಾನು ಯೋಚಿಸದೆ ಮಾಮನ ಹೆಸರು ಹೇಳಿದೆ. ಸ್ವಂತ ಸೋದರಮಾವ ಎಂದು ಮಾತ್ರ ಹೇಳಲಿಲ್ಲ. ಸಂಬಂಧಿಕರನ್ನು ತುಂಬಿಸುತ್ತಾಳೆ ಅಂದಾರು ಎಂಬ ಹೆದರಿಕೆ. ಮಾಮನಿಗೂ ಹಾಗೇ ಹೇಳಿಟ್ಟೆ. ಅವನು, "ಆಗ್ಲಿ ತಾಯೀ, ಮ್ಯಾಲೆ ನೀನು ಮೇಡಮ್ಮು, ಕೆಳಗೆ ಇಳಿದ್ರೆ ಅಕ್ಕನ ಮಗ್ಳು" ಎಂದು ಕಣ್ಣು ಮಿಟುಕಿಸಿದ.

ಮರ ತಾಂಡಿಕುಡಿ ಕಡೆಯ ಕಾಫಿ ತೋಟದ್ದು. ಕೊಯ್ಸಿದ್ದು ಉತ್ತಮಪಾಳಯಂನ ಮಿಲ್ಲಿನಲ್ಲಿ. ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎನ್ನುತ್ತಾರೆ ನಮ್ಮ ಕಡೆ. ಪಡುವಣ ಬೆಟ್ಟದ ಕಣಿವೆಬಾಯಿಂದ ನುಗ್ಗುವ ಆ ಒಣಗಾಳಿಯಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಐದು ವಾರ ಬಿಟ್ಟೆವು. ಒಣಗಿ ಒಣಗಿ, ಬೆರಳಿನಲ್ಲಿ ತಟ್ಟಿದರೆ ಠಣ್ ಎನ್ನುತ್ತಿದ್ದವು. ನನಗೋ ಹೆಮ್ಮೆ. ಇಷ್ಟು ಒಣಗಿದ ಮರ ಕೊಡೈಕಾನಲ್‌ಗೆ ಯಾವತ್ತೂ ಹತ್ತಿರಲಿಲ್ಲ ಎಂದು ನನ್ನ ಲೆಕ್ಕ.

ಲಾರಿ ಬೆಟ್ಟ ಹತ್ತಿ ಬಂದ ದಿನ ಮಾಮ ಒಂದು ಹಲಗೆ ಎತ್ತಿ ಕೆನ್ನೆಗೆ ಒತ್ತಿಕೊಂಡ. ಮರದ ತೇವ ನೋಡುವ ಅವನ ರೀತಿ ಅದು. "ಇದು ಬಾಯಾರಿಕೆ ಹಿಡ್ದೋಗೈತೆ ಈಶ್ವರೀ" ಎಂದ. "ಒಂದು ತಿಂಗ್ಳು ಇದೇ ರೂಮಿನಾಗೆ ಅಡ್ಡಕಡ್ಡಿ ಇಟ್ಟು ಒಂದರ ಮ್ಯಾಲೆ ಒಂದು ಅಡುಕಬೇಕು. ಮಂಜು ಕುಡೀಲಿ. ಕುಡಿದು ಸಾಕಾದ ಮ್ಯಾಲೆ ಹಾಸೋಣ."

"ಒಂದು ತಿಂಗಳಾ? ದೀಪಾವಳಿ ಯಾರಪ್ಪಂದು ಮಾಮಾ?"

"ದೀಪಾವಳಿ ವರ್ಷಾ ವರ್ಷಾ ಬರ್ತದೆ ನನ್ ಕಣ್ಣು. ನೆಲ ಒಂದೇ ಸಲ."

ಕೊನೆಗೆ ಹತ್ತು ದಿನಕ್ಕೆ ರಾಜಿಯಾಯಿತು. ರಾಜಿ ಎಂದರೆ ನಾನು ಹೇಳಿದ್ದೇ ಆಯಿತು ಎಂದರ್ಥ. ಹಾಗಾದರೆ ಸಂದು ಬಿಟ್ಟೇ ಹಾಸುತ್ತೇನೆ ಎಂದ. ಎರಡು ಹಲಗೆಯ ನಡುವೆ ಉಗುರು ಹೋಗುವಷ್ಟು, ಸುತ್ತ ಗೋಡೆಯ ಪಕ್ಕ ಒಂದು ಬೆರಳು. ಗೋಡೆಯ ಸಂದು ಆಮೇಲೆ ಅಂಚುಪಟ್ಟಿ ಹೊಡೆದರೆ ಕಾಣುವುದಿಲ್ಲ. ಹಲಗೆ ಉಬ್ಬಿದರೆ ಹೋಗಲು ಜಾಗ ಬೇಕಲ್ಲ ಎಂದು ಸಮಾಧಾನವಾಗಿ ಹೇಳಿದ. ನನಗೆ ಅದು ತಲೆಗೆ ಹೋಗಲಿಲ್ಲ. ನಮ್ಮ ಕಣಿವೆಯವರಿಗೆ ಸಂದು ಎಂದರೆ ಶತ್ರು. ಆಡಿ ಬಂತೆಂದರೆ ಬಾಗಿಲಿನ ಬಿರುಕಿಗೆಲ್ಲ ಹಳೇ ಬಟ್ಟೆ ತುರುಕುವವರು ನಾವು, ಇಲ್ಲದಿದ್ದರೆ ಅನ್ನದಲ್ಲಿ ಮರಳು. ಕಾಳಿನ ಪೆಟ್ಟಿಗೆಯ ಹಲಗೆ ನಡುವೆ ದಾರ ತೂರಿತೆಂದರೆ ಅದನ್ನು ಮಾಡಿದವನನ್ನು ಸೋಮಾರಿ ಎಂದು ನನ್ನಜ್ಜಿ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಬಿಗಿಯಾದದ್ದೇ ಒಳ್ಳೆಯದು ಎಂದು ಹಾಲಿನ ಜೊತೆ ಕುಡಿದು ಬೆಳೆದವಳು ನಾನು.

ಅದಕ್ಕೇ ನೆರುಕ್ಕಿ ಮಾಡಿಸಿದೆ. ನೆರುಕ್ಕಿ ಎಂಬ ಹೆಸರು ಗಾರೆಯವರು ಇಟ್ಟದ್ದು, ಒತ್ತರಿಸುವಂಥದ್ದು ಎಂದು ತಮಿಳಿನಲ್ಲಿ. ಫೋನಿನಲ್ಲಿ ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಕಾಗದದ ಮೇಲೆ ಗೀಚಿಕೊಂಡು ದಿಂಡುಗಲ್ಲಿಗೆ ಹೋಗಿ ಬೀಗ ಮಾಡುವ ಒಬ್ಬ ಮುದುಕನ ಮುಂದೆ ಕೂತೆ. ಮೊಳಕೈ ಉದ್ದದ ಕಬ್ಬಿಣದ ಹಿಡಿ. ಬುಡದಲ್ಲಿ ಎರಡು ಹಲ್ಲು, ಕೆಳಗಿನ ತೊಲೆಯನ್ನು ಕಚ್ಚಿಕೊಳ್ಳಲು. ಮುಂದೆ ಒಂದು ಚಪ್ಪಟೆ ಪಾದ, ಹಲಗೆಯ ಅಂಚಿಗೆ ಒತ್ತಿ ನಿಲ್ಲಲು. ಹಿಡಿಯನ್ನು ಎಳೆದರೆ ಪಾದ ಮುಂದಕ್ಕೆ ತಳ್ಳುತ್ತದೆ, ಎಂಥ ಸೊಟ್ಟ ಹಲಗೆಯೂ ಪಕ್ಕದ್ದರ ಅಂಚಿನಲ್ಲಿ ಕೊರೆದ ಗಾಡಿಯೊಳಗೆ ಹೋಗಿ ಕೂರುತ್ತದೆ. ಅಲ್ಲೇ ಕಚ್ಚಿ ನಿಲ್ಲುವುದರಿಂದ ಎರಡೂ ಕೈ ಮೊಳೆ ಹೊಡೆಯಲು ಬಿಡುವು. ಬೀಗದ ಮುದುಕ ಅರ ಹಾಕುತ್ತಾ ಕೇಳಿದ: "ಬೀಗಕ್ಕೆ ಬೀಗದಕೈ ಇದೆ. ಇದರಲ್ಲಿ ಬಿಗಿದದ್ದನ್ನು ಬಿಚ್ಚೋದು ಹೇಗೆ?" ಬಿಚ್ಚುವ ಅಗತ್ಯವೇ ಬರುವುದಿಲ್ಲ ಎಂದೆ. ಅವನು ನನ್ನನ್ನು ಒಮ್ಮೆ ನೋಡಿ ಮತ್ತೆ ಅರಕ್ಕೆ ಕೈ ಹಾಕಿದ.

ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು ನನ್ನ ಕತೆ. ಆವಣಿ ತಿಂಗಳು ಪೂರ್ತಿ ಅದನ್ನು ಹಿಡಿದುಕೊಂಡೇ ತಿರುಗಿದೆ. ಮಾಮ ಮರದ ಬೆಣೆ ಹೊಡೆದು ಒಂದು ಸಾಲು ಕೂರಿಸುವಷ್ಟರಲ್ಲಿ ನಾನು ನೆರುಕ್ಕಿಯಲ್ಲಿ ಮೂರು ಸಾಲು ಮುಗಿಸುತ್ತಿದ್ದೆ. ಸೀರೆ ಬಿಟ್ಟು ಚೂಡಿದಾರ್ ತೊಟ್ಟು, ಮೊಣಕಾಲ ಮೇಲೆ ಕೂತು, ತುಟಿ ಕಚ್ಚಿ ಎಳೆದರೆ ಹಲಗೆ ಕಿರ್ರೆಂದು ಹೋಗಿ ಕೂರುವ ಸದ್ದಿದೆಯಲ್ಲ, ಅದರ ಖುಷಿಯ ಬಗ್ಗೆ ಸುಳ್ಳು ಹೇಳಲಾರೆ. ನಗುತ್ತಿದ್ದ ಗಾರೆಯವರೇ ನೋಡಲು ಬಂದು ನಿಲ್ಲುತ್ತಿದ್ದರು. ಮಾಮ ಪಕ್ಕದಲ್ಲಿ ಕೂತು, "ಮೆಲ್ಲಗೆ ತಾಯೀ, ಅದಕ್ಕೂ ಉಸಿರು ಬೇಕು" ಎನ್ನುತ್ತಾ ನಾನು ಎಳೆದ ಹಲಗೆಗಳ ನಡುವೆ ತೆಳು ತಗಡು ತೂರಿಸಿ ಮತ್ತೆ ಸಂದು ಮಾಡುತ್ತಿದ್ದ. ಅವನು ಹಾಗೆ ಮಾಡಿದಷ್ಟೂ ನನಗೆ ಸಿಟ್ಟು. ಮುದಲಾಳಿ ಒಂದು ದಿನ ಬಂದು, ತಗಡು ಹಾಕದ ಜಾಗದಲ್ಲಿ ಕೈಯಾಡಿಸಿ, ಇರುವೆ ನುಗ್ಗಲೂ ಸಂದಿಲ್ಲ ಎಂದು ಹೊಗಳಿದರು. ತಗಡು ಹಾಕಿದ ಜಾಗ ನೋಡಿ, ಇಲ್ಲೇಕೆ ಹೀಗೆ ಎಂದರು. ನಾನು ಮಾಮನ ಕಡೆ ನೋಡಿದೆ.

ಪುರಟ್ಟಾಸಿ ತಿಂಗಳ ಮೊದಲ ವಾರ. ನಡುವಿನ ದೊಡ್ಡ ಕೋಣೆಯಲ್ಲಿ ಕೊನೆಯ ಆರು ಸಾಲು ಉಳಿದಿದ್ದವು. ಊರಲ್ಲಿ ಮಾಮನ ದೊಡ್ಡಪ್ಪ ತೀರಿಕೊಂಡರೆಂದು ಫೋನ್ ಬಂತು. ಹೊರಡುವ ಮುಂಚೆ ನನ್ನನ್ನು ಕರೆದು ಗೋಡೆಯ ಬುಡ ತೋರಿಸಿದ.

"ಇದನ್ನ ಮುಟ್ಟಬ್ಯಾಡ. ನಾನು ಬಂದು ಮುಗಿಸ್ತೀನಿ. ತಾಳಲಾರೆ ಅಂದ್ರೆ ಹಾಸಿಕೋ, ಆದ್ರೆ ಗೋಡೆಗೆ ಒಂದು ಬೆರಳು ಬಿಡು. ನನ್ನ ಬೆರಳಲ್ಲ, ನಿನ್ನ ಬೆರಳಾದ್ರೂ ಸರಿ. ಬಿಡು."

ಎರಡು ದಿನ ಅವನು ಇರಲಿಲ್ಲ. ಕಂಬಂನಿಂದ ಬಂದಿದ್ದ ಇಬ್ಬರು ಆಳುಗಳನ್ನು ಕಟ್ಟಿಕೊಂಡು ನಾನು ಆರು ಸಾಲನ್ನೂ ಹಾಸಿದೆ. ಕೊನೆಯ ಸಾಲು ಬಂದಾಗ ಹಲಗೆಯ ಅಗಲಕ್ಕೂ ಉಳಿದ ಜಾಗಕ್ಕೂ ಸರಿಯಾಗಿ ಒಂದು ಬೆರಳಿನ ವ್ಯತ್ಯಾಸವಿತ್ತು, ಮಾಮ ಅಳೆದಿಟ್ಟುಹೋದ ಹಾಗೆ. ಅಲ್ಲಿ ಕತ್ತಲು ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಇನ್ನೊಂದು ಸೀಳು ಕೊಯ್ಸಿ, ನೆರುಕ್ಕಿಯ ಹಲ್ಲನ್ನು ತೊಲೆಗೆ ಕಚ್ಚಿಸಿ, ಆಳೊಬ್ಬನ ಕೈಯನ್ನೂ ಸೇರಿಸಿಕೊಂಡು ಎಳೆದು, ಹಿಂದಿನ ಸಾಲುಗಳನ್ನೆಲ್ಲ ಒತ್ತರಿಸಿ, ಆ ಸೀಳನ್ನು ಗೋಡೆಗೆ ಬೆಣೆಯ ಹಾಗೆ ಬಡಿದು ಕೂರಿಸಿದೆ. ಇನ್ನೊಂದು ಬದಿಯ ಗೋಡೆಗೂ ಹಾಗೇ ಮಾಡಿದೆ. ತಗಡುಗಳನ್ನೂ ಕಿತ್ತು ಹಾಕಿದೆ. ಅದೇ ಮಧ್ಯಾಹ್ನ ಅಂಚುಪಟ್ಟಿ ಹೊಡೆಸಿ ಮುಚ್ಚಿಬಿಟ್ಟೆ.

ಮಾಮ ತಲೆ ಬೋಳಿಸಿಕೊಂಡು ವಾಪಸು ಬಂದ. ಪಟ್ಟಿ ಹೊಡೆದಾಗಿದ್ದು ನೋಡಿ ಕೇಳಿದ.

"ಜಾಗ ಬಿಟ್ಟಿದ್ದೀಯಾ?"

"ಬಿಟ್ಟಿದ್ದೀನಿ."

ಅವನು ಪಟ್ಟಿ ಕಿತ್ತು ನೋಡಲಿಲ್ಲ. ಅಕ್ಕನ ಮಗಳು ಬಿಟ್ಟಿದ್ದೀನಿ ಅಂದ ಮೇಲೆ ಕಿತ್ತು ನೋಡುವುದುಂಟೆ? "ಬುದ್ಧಿವಂತೆ" ಎಂದು ನನ್ನ ತಲೆ ತಟ್ಟಿ ಅಡುಗೆಮನೆಯ ಕಪಾಟಿನ ಕೆಲಸಕ್ಕೆ ಹೋದ.

ದೀಪಾವಳಿ ಚೆನ್ನಾಗಿಯೇ ಆಯಿತು. ಕೋಣೆಗಳು ತುಂಬಿದವು, ಹೊಳೆಯುವ ನೆಲದ ಫೋಟೋ ತೆಗೆದುಕೊಂಡರು, ಮುದಲಾಳಿ ನನಗೆ ಸೀರೆ ಕೊಟ್ಟರು. ಹಬ್ಬ ಕಳೆದ ವಾರಕ್ಕೆ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಕೊಡೈಕಾನಲ್‌ನ ಆ ಮಳೆ ಗೊತ್ತಿದ್ದವರಿಗೆ ಗೊತ್ತು. ಅದು ಬಂದು ಹೋಗುವುದಿಲ್ಲ, ಬಂದು ಇರುತ್ತದೆ. ಮಂಜು ಕಿಟಕಿಯಿಂದ ಒಳಗೆ ಬಂದು ಹಾಸಿಗೆ ಮೇಲೆ ಕೂರುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ. ಐದನೆಯ ದಿನ ಬೆಳಿಗ್ಗೆ ಮೇಲೆ ಪಟಾಕಿ ಸಿಡಿದ ಹಾಗೆ ಒಂದು ಸದ್ದು, ಹಿಂದೆಯೇ ಇನ್ನೊಂದು. ಹಬ್ಬದ ಪಟಾಕಿ ಯಾರೋ ಉಳಿಸಿಕೊಂಡಿದ್ದಾರೆ ಎಂದುಕೊಂಡೆ. ಒಂಬತ್ತು ಗಂಟೆಗೆ ಮ್ಯಾನೇಜರು ಓಡಿಬಂದ.

ನಡುವಿನ ಕೋಣೆಯ ನೆಲ ಮಧ್ಯದಲ್ಲಿ ಒಂದು ಗೇಣು ಎದ್ದು ನಿಂತಿತ್ತು. ಒಳಕ್ಕೆ ತೆರೆಯುವ ಬಾಗಿಲು ಎದ್ದ ಹಲಗೆಗೆ ತಡೆದು ಒಂದು ಇಂಚೂ ಅಲ್ಲಾಡದು. ಒಳಗೆ ಮದುರೆಯಿಂದ ಬಂದಿದ್ದ ವಯಸ್ಸಾದ ಹೆಂಗಸು, ಒಬ್ಬರೇ. ಮಗ ಸೊಸೆ ಪೇಟೆಗೆ ಹೋಗಿದ್ದರು. "ಯಾರಾದರೂ ಬನ್ನಿ, ನೆಲ ಬಾಯಿ ಬಿಡ್ತಿದೆ" ಎಂದು ಆಕೆ ತಮಿಳಿನಲ್ಲಿ ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಮಾಮ ಅಡುಗೆಮನೆಯಿಂದ ಕೊಡಲಿ ಹಿಡಿದು ಬಂದು ಬಾಗಿಲನ್ನು, ತಾನೇ ಮಾಡಿದ ಬಾಗಿಲನ್ನು, ಮಧ್ಯಕ್ಕೆ ಸೀಳಿ ಆಕೆಯನ್ನು ಎತ್ತಿಕೊಂಡು ಹೊರಗೆ ತಂದ. ಆಕೆಗೆ ಪೆಟ್ಟೇನೂ ಆಗಿರಲಿಲ್ಲ.

ಮುದಲಾಳಿ ದಿಂಡುಗಲ್ಲಿನಿಂದ ಮಧ್ಯಾಹ್ನಕ್ಕೆ ಬಂದರು. ಮಾಮ ಆಗ ಮೊಣಕಾಲೂರಿ ಕೂತು ಉಳಿಯಿಂದ ಅಂಚುಪಟ್ಟಿ ಎಬ್ಬಿಸುತ್ತಿದ್ದ. ಪಟ್ಟಿ ಬಿಟ್ಟುಬಂತು. ಹಲಗೆಯ ಅಂಚು ಗೋಡೆಯ ಗಾರೆಯೊಳಗೆ ಹೂತುಹೋಗಿತ್ತು, ಪಕ್ಕದಲ್ಲೇ ನೆರುಕ್ಕಿಯ ಪಾದ ಒತ್ತಿದ ಗುರುತು. ಮಾಮ ಆ ಗುರುತಿನ ಮೇಲೆ ಹೆಬ್ಬೆರಳು ಇಟ್ಟ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಬೈಯುವ ನೋಟವಲ್ಲ, ನಂಬಲಾರದ ನೋಟ.

"ಯಾರು ಮಾಡಿದ್ದು ಇದು?" ಎಂದು ಮುದಲಾಳಿ ಕೇಳಿದರು.

ಮಾಮ ಬಾಯಿ ತೆರೆಯುತ್ತಿದ್ದ. ಏನು ಹೇಳಲಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಿಡಲಿಲ್ಲ. ಬೇರೆಯವರ ಮುಂದೆ ಗುಟ್ಟಿನ ಮಾತಾಡಬೇಕಾದರೆ ನಾವು ಮನೆಮಾತಿಗೆ ಹೊರಳುವುದು ವಾಡಿಕೆ. ಸಂತೆಯಲ್ಲಿ ಚೌಕಾಸಿಗೆ, ಹೆಣ್ಣು ನೋಡಲು ಹೋದಾಗ, ಆಸ್ಪತ್ರೆಯಲ್ಲಿ. ಎಲ್ಲರ ಮುಂದೆಯೇ ಎಳೆದುಕೊಳ್ಳುವ ಪರದೆ ನಮಗೆ ಅದು. ಹುಬ್ಬು ಗಂಟಿಕ್ಕಿ, ಗಟ್ಟಿ ಸ್ವರದಲ್ಲಿ, ಬೆರಳು ತೋರಿಸಿ ನಾನು ಹೇಳಿದೆ:

"ನಾನೇ ಮುಚ್ಚಿದ್ದು. ಸುಳ್ಳು ಹೇಳಿದ್ದೆ. ಇವರಿಗೆ ಹೇಳಬ್ಯಾಡ, ನನ್ನ ಕೆಲಸ ಹೋಗ್ತದೆ. ನಾನು ದೊಡ್ಡೋಳಾದಾಗ ಹಸಿರು ಗುಡಿಸಲು ಕಟ್ಟಿದ ಕೈ ನಿಂದು. ಈಗ್ಲೂ ಮರೆಮಾಡು."

ನಮ್ಮಲ್ಲಿ ಹುಡುಗಿ ಮೈನೆರೆದಾಗ ತೆಂಗಿನ ಹಸಿ ಗರಿಯ ಗುಡಿಸಲು ಕಟ್ಟಿಕೊಡುವುದು ಸೋದರಮಾವನ ಪಾಲಿನ ಕೆಲಸ. ಆ ದಿನದಿಂದ ಅವಳ ಮಾನ ಅವನ ಮೇಲೆ. ಅದನ್ನು ಎತ್ತಿ ಕೇಳಿದರೆ ಯಾವ ಮಾಮನೂ ಇಲ್ಲ ಎನ್ನಲಾರ. ಗೊತ್ತಿದ್ದೇ ಎತ್ತಿದೆ. ನನ್ನ ಮುಖದ ಗಂಟು ನೋಡಿ ಮುದಲಾಳಿ, ಇವಳು ಆಸಾರಿಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡರು. ಹಾಗೆ ಕಾಣಲಿ ಎಂದೇ ನಾನು ಗಂಟಿಕ್ಕಿದ್ದು.

ಮಾಮ ಎದ್ದು ನಿಂತ. ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪು ಎನ್ನೋಡದು, ಮುದಲಾಳಿ" ಎಂದ. ತಪ್ಪು ನನ್ನದು.

"ನೀನು ನೋಡಲಿಲ್ಲವೇನಮ್ಮಾ?" ಎಂದು ಅವರು ನನ್ನ ಕಡೆ ತಿರುಗಿದರು. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. ನಾನು ಸುಮ್ಮನಿರಲಿಲ್ಲ. "ಗೋಡೆಗೆ ಜಾಗ ಬಿಡಿ ಎಂದು ಆವತ್ತೇ ಹೇಳಿದ್ದೆ ಸಾರ್" ಎಂದೆ. ತಮಿಳಿನಲ್ಲಿ, ಸ್ಪಷ್ಟವಾಗಿ. ಈ ಒಂದು ವಾಕ್ಯವನ್ನು ನಾನು ಗಂಡನಿಗೂ ಹೇಳಿಲ್ಲ, ಸಾಯುವವರೆಗೆ ಅಮ್ಮನಿಗೂ ಹೇಳಲಿಲ್ಲ.

ಆಮೇಲೆ ಮಾಮ ಒಂದೂವರೆ ತಿಂಗಳು ಅಲ್ಲೇ ಇದ್ದು ಎಲ್ಲ ಹಲಗೆಗಳನ್ನೂ ಎತ್ತಿದ. ಸೀಮೆಸುಣ್ಣದಲ್ಲಿ ನಂಬರು ಬರೆದು, ಅಡ್ಡಕಡ್ಡಿ ಇಟ್ಟು ಅಡುಕಿ, ತಿಂಗಳು ಪೂರ್ತಿ ಮಂಜು ಕುಡಿಸಿ, ಬೆಣೆಯಿಂದಲೇ ಒಂದೊಂದಾಗಿ ಮತ್ತೆ ಹಾಸಿದ. ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಊಟದ ಹೊತ್ತಿಗೆ ನಾನು ಹತ್ತಿರ ಹೋದರೆ ತುತ್ತು ಬೇಗ ಮುಗಿಸಿ ಎದ್ದುಬಿಡುತ್ತಿದ್ದ. ಆ ನೆಲ ಇಂದಿಗೂ ಒಂದು ಕೂದಲಷ್ಟೂ ಅಲುಗಿಲ್ಲವಂತೆ. ಎರಡನೆಯ ಸಲ ಸೂಪರ್‌ವೈಸರಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾಡಿಸಿದ್ದರಿಂದ ನಿಂತಿತು ಎಂದು ಮುದಲಾಳಿ ಎಲ್ಲರಿಗೂ ಹೇಳಿದರು. ನನಗೆ ಮುಂದಿನ ಕಟ್ಟಡ ಸಿಕ್ಕಿತು, ಅದರ ಮುಂದಿನದೂ. ನೆರುಕ್ಕಿ ಈಗಲೂ ನನ್ನ ಗೋದಾಮಿನಲ್ಲಿದೆ. ಒಳ್ಳೆಯ ಉಪಕರಣ, ಅದರದೇನೂ ತಪ್ಪಿಲ್ಲ.

ಕನ್ನಡಕಾರ ಆಸಾರಿ ಹಾಸಿದ ನೆಲ ಎದ್ದು ನಿಂತು ಮುದುಕಿಯನ್ನು ಕೂಡಿಹಾಕಿತು ಎಂಬ ಸುದ್ದಿ ಬೆಟ್ಟದಲ್ಲಿ ಮಂಜಿಗಿಂತ ಬೇಗ ಹರಡಿತು. ಪೊಂಗಲ್ ಹೊತ್ತಿಗೆ ಮಾಮನಿಗೆ ಮೇಲೆ ಕೆಲಸವಿಲ್ಲ. ಹನುಮಂತನಪಟ್ಟಿಗೆ ಇಳಿದು ದ್ರಾಕ್ಷಿ ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆದ. ಪ್ಲಾಸ್ಟಿಕ್ ಪೆಟ್ಟಿಗೆ ಬಂದು ಅದೂ ನಿಂತಿತು. "ನಿನ್ನ ಮಾಮನಿಗೆ ಕಣ್ಣು ಮಂದ ಆಯ್ತೇನೋ ಈಶ್ವರೀ, ಇಲ್ಲದಿದ್ರೆ ಅಂಥ ತಪ್ಪು ಮಾಡೋನಾ?" ಎಂದು ಅಮ್ಮ ಫೋನಿನಲ್ಲಿ ಕೊರಗುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ. ವರ್ಷಾ ವರ್ಷಾ ಪೊಂಗಲ್‌ಗೆ ಮಾಮನಿಗೆ ಪಂಚೆ, ಅತ್ತೆಗೆ ಸೀರೆ ಕಳಿಸುತ್ತಿದ್ದೆ. ಅವನ ಮಗಳು ಸುಮತಿಯ ಮದುವೆಗೆ ಹೋಗಲಿಲ್ಲ, ಕಾಂಕ್ರೀಟ್ ಹಾಕುವ ದಿನ ಎಂದು ನೆಪ ಹೇಳಿದೆ. ಅತ್ತೆ ತೀರಿಕೊಂಡಾಗ ಹೋದೆ, ಜನರ ಗುಂಪಿನಲ್ಲಿ ನಿಂತು ಬಂದೆ.

ಈ ಸಲ ಆ ವಾಸನೆ ಹೊಡೆದ ಮೇಲೆ ಎರಡು ದಿನ ಅಕ್ಕನ ಮನೆಯಲ್ಲಿ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟೌನ್ ಬಸ್ ಹಿಡಿದು ಹನುಮಂತನಪಟ್ಟಿಗೆ ಹೋದೆ.

ಮಾಮ ಈಗ ಸುಮತಿಯ ಮನೆಯಲ್ಲಿದ್ದಾನೆ. ಮಗಳು ಅಳಿಯ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅಳಿಯ ಸೆಂದಿಲ್ ದ್ರಾಕ್ಷಿ ಮಂಡಿ ನಡೆಸುವವನು, ತಮಿಳಿನವನು, ನಗುಮೊಗದವನು. ನಾನು ಹೋದಾಗ ಮಾಮ ಜಗುಲಿಯಲ್ಲಿ ಕೂತಿದ್ದ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಒಳಗಿನಿಂದ ಉಜ್ಜುಗೊರಡಿನ ಸದ್ದು ಬರುತ್ತಿತ್ತು. ಮನೆಯೊಳಗೆ ಹಲಗೆಯ ಅಟ್ಟ ಹಾಕಿಸುತ್ತಿದ್ದರು, ಚಿನ್ನಮನೂರಿನಿಂದ ಬಂದ ಆಸಾರಿಯೊಬ್ಬ ಹಲಗೆ ನುಣುಪು ಮಾಡುತ್ತಿದ್ದ. ಮಾಮನ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು, ಕಿವಿ ಮಾತ್ರ ಒಳಗಿತ್ತು.

"ಅಟ್ಟ ನೀನು ಹಾಕ್ತಿಲ್ವಾ ಮಾಮಾ?" ಎಂದು ಬಾಯಿತಪ್ಪಿ ಕೇಳಿದೆ. ಹೊರಗೆ ಬಂದ ಸೆಂದಿಲ್‌ಗೆ ಅಟ್ಟ ಎಂಬ ಒಂದು ಮಾತು ತಿ‍ಳಿದಿರಬೇಕು, ನಗುತ್ತಾ ತಮಿಳಿನಲ್ಲಿ, "ಮಾವನ ಕೈಗೆ ಕೊಟ್ಟರೆ ಅಟ್ಟ ಎದ್ದು ಹೆಂಚಿಗೆ ತಾಗಿಬಿಡುತ್ತೆ. ಕೊಡೈಕಾನಲ್ ಕತೆ ನಿಮಗೆ ಗೊತ್ತಿಲ್ಲವಾ?" ಎಂದ. ಅವನ ಮಾತಿನಲ್ಲಿ ವಿಷವಿರಲಿಲ್ಲ. ಆ ಮನೆಯಲ್ಲಿ ಅದು ಹಳೆಯ ತಮಾಷೆ. ಮಾಮನೂ ನಕ್ಕ. ಎಷ್ಟು ಸಲ ನಕ್ಕಿರಬೇಕು ಹಾಗೆ!

ಸೆಂದಿಲ್ ಒಳಗೆ ಹೋದ ಮೇಲೆ ನಾನು ಮಾಮನ ಕಾಲಬಳಿ ಕೂತೆ.

"ಇವರಿಗೂ ನೀನು ಹೇಳಿಲ್ವಾ ಮಾಮಾ?"

"ಯಾವ್ದು?"

"ಅದು ನಾನು ಅಂತ."

ಮಾಮ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಹೇಳಬ್ಯಾಡ ಅಂದಿದ್ದೆಯಲ್ಲ" ಎಂದ.

ಅತ್ತೆ ಕೂಡ ಗೊತ್ತಿಲ್ಲದೆಯೇ ಸತ್ತಳೆಂದು ನನಗೆ ಆಗ ತಿಳಿಯಿತು. ಈಗ ಹೇಳುತ್ತೇನೆ, ಎಲ್ಲರಿಗೂ ಹೇಳುತ್ತೇನೆ ಎಂದೆ. ಅವನು ಬೇಡ ಎನ್ನುತ್ತಾನೆ ಎಂದು ಒಳಗೊಳಗೆ ಕಾದೆ. ಅದನ್ನೂ ಬರೆಯಬೇಕು. ಅವನು ಬೇಡ ಎನ್ನಲಿಲ್ಲ.

"ಹೇಳೋದಾದ್ರೆ ತಮಿಳ್ನಾಗೆ ಹೇಳು. ಮಾಪಿಳ್ಳೈ ಸೆಂದಿಲ್‌ಗೆ ನಮ್ ಮಾತು ತಿಳೀದು. ಒಳಗಿರೋ ಆಸಾರಿಗೂ ಕೇಳ್ಲಿ."

ಒಳಗೆ ಹೋದೆ. ಸುಮತಿ ನನಗೆಂದು ಕಾಫಿ ಆರಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮಂಜು ಕುಡಿಸಬೇಕೆಂದು ಅವನು ಹೇಳಿದ್ದು, ನಾನು ಕೇಳದಿದ್ದದ್ದು, ಬೆರಳಿನಷ್ಟು ಜಾಗ, ಪಟ್ಟಿ ಹೊಡೆಸಿ ಮುಚ್ಚಿದ್ದು, ಬಿಟ್ಟಿದ್ದೀನಿ ಎಂದ ಸುಳ್ಳು, ಮುದಲಾಳಿಯ ಮುಂದೆ ಮನೆಮಾತಿನಲ್ಲಿ ಬೇಡಿದ್ದು, ಆಮೇಲೆ ತಮಿಳಿನಲ್ಲಿ ಆಡಿದ ಆ ಒಂದು ವಾಕ್ಯ. ಒಂದನ್ನೂ ಬಿಡಲಿಲ್ಲ. ಉಜ್ಜುಗೊರಡು ನಿಂತಿತು. ಸೆಂದಿಲ್ ಮುಖದ ನಗು ಇಳಿದುಹೋಯಿತು, ಅವನು ಜಗುಲಿಯಲ್ಲಿ ಕೂತ ಮಾವನ ಬೆನ್ನನ್ನೇ ನೋಡುತ್ತಾ ನಿಂತ.

ಸುಮತಿ ಲೋಟವನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮದಿನೀ" ಎಂದಳು, ಅತ್ತೆಯ ಮಗಳಾದ ನನ್ನನ್ನು ಚಿಕ್ಕಂದಿನಿಂದ ಕರೆಯುವ ಹಾಗೆ. "ನನ್ನ ಕಲ್ಯಾಣಕ್ಕೆ ಮಲಗೋ ಕಟ್ಲು ನಾನೇ ಮಾಡಿಕೊಡ್ತೀನಿ ಅಂದ್ರು ಅಪ್ಪ. ಮರಾನೂ ತಂದಿಟ್ಟಿದ್ರು, ಹಿತ್ಲಾಗೆ. ಬ್ಯಾಡಪ್ಪಾ, ಗಂಡಿನ ಕಡೆಯೋರು ನಗ್ತಾರೆ, ತೇನಿ ಅಂಗಡಿಯಿಂದ ತರೋಣ ಅಂತ ನಾನೇ ಅಂದೆ. ನನ್ನ ಬಾಯಿಂದಾನೇ ಅಂದೆ. ಆ ಮರಾನ ಒಲೆಗೆ ಸೀಳಿ ಹಾಕಿದ್ರು ಮದಿನೀ."

ಅವಳು ಅಳಲು ಶುರುಮಾಡಿದಳು. ನಾನು ಕ್ಷಮಿಸು ಎಂದೆ, ಮನ್ನಿಚ್ಚಿಡು ಎಂದೆ, ಯಾವ ಭಾಷೆಯಲ್ಲಿ ಹೇಳಿದರೂ ಅದು ಅವಳನ್ನು ಮುಟ್ಟಲಿಲ್ಲ. ಅಷ್ಟು ವರ್ಷ ಅವಳು ನೆಮ್ಮದಿಯಾಗಿದ್ದಳು. ನನ್ನ ಎದೆ ಹಗುರವಾಗಲಿ ಎಂದು ಬಂದು ಅವಳ ಎದೆಗೆ ಕಲ್ಲು ಇಟ್ಟಿದ್ದೆ. ಮಾಮ ಜಗುಲಿಯಿಂದ ಎದ್ದು ಬಂದು ಮಗಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡ. "ಅಂಗಡಿ ಕಟ್ಲು ಚೆನ್ನಾಗೇ ಐತೆ ಕಣ್ಣು. ಅಳಬ್ಯಾಡ. ಅದ್ರಾಗೇ ಅಲ್ವಾ ನನ್ನ ಮೊಮ್ಮಕ್ಳು ಮಲಗಿ ಬೆಳೆದದ್ದು" ಎಂದ. ಚಿನ್ನಮನೂರಿನ ಆಸಾರಿ ಹೊರಗೆ ಹೋಗಿ ಬೀಡಿ ಹಚ್ಚಿದ.

ನನಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಕಾಫಿ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಚೀಲ ತೆಗೆದುಕೊಂಡು ಬಾಗಿಲಿಗೆ ಬಂದೆ. "ಬರ್ತೀನಿ ಮಾಮಾ" ಎಂದೆ.

ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಮಾಮ ನನ್ನ ಕಡೆ ತಿರುಗಿದ. ನಮ್ಮಲ್ಲಿ ಎಂಥ ಜಗಳವಾಗಿದ್ದರೂ ಹೊರಟವರಿಗೆ ಹೋಗಿ ಬಾ ಎನ್ನದೆ ಕಳಿಸುವುದಿಲ್ಲ. ಲಾಡ್ಜಿನಿಂದ ಚೀಲ ಹೆಗಲಿಗೇರಿಸಿ ಕೊನೆಯ ಸಲ ಇಳಿದುಹೋದ ದಿನವೂ ಅವನು ನನಗೆ "ಹೋಗಿಟ್ಟು ಬರ್ತೀನಿ ತಾಯೀ" ಎಂದೇ ಹೇಳಿ ಹೋಗಿದ್ದ. ಈಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಹೋಗು" ಎಂದ.